ಬ್ಲ್ಯಾಕ್‌ಕರಂಟ್ ತಿಂದವರು ಯಾರಾದರೂ ಉಂಟಾ? ಮನೆಯಲ್ಲೂ ರಜೆಯಲ್ಲೂ ಕುಡಿದ ವೈನ್‌ಗಳ ರುಚಿ ಟಿಪ್ಪಣಿ

ಬಿಜೈ ಮೂರನೇ ಮಹಡಿ · ಶುಕ್ರವಾರ ರಾತ್ರಿ 10.15

ಎರಡು ವರ್ಷದಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಯಾವ ವೈನ್, ಎಲ್ಲಿ ಕುಡಿದದ್ದು, ಜೊತೆಗೆ ಎಂತ ತಿಂದದ್ದು, ಹೇಗಿತ್ತು. ಮೊನ್ನೆ ಗಾಳಿಮಳೆಗೆ ಕರೆಂಟ್ ಹೋಗಿತ್ತು, ಟಾರ್ಚ್ ಹಿಡಿದು ಮೊದಲಿನ ಪುಟಗಳನ್ನು ಓದಿದೆ. ನಾಚಿಕೆ ಆಯಿತು. ಪುಟಪುಟದಲ್ಲೂ ಬ್ಲ್ಯಾಕ್‌ಕರಂಟ್, ಸೀಡರ್, ಗೂಸ್‌ಬೆರಿ. ಮಾರಾಯ್ರೆ, ನಾನು ಬ್ಲ್ಯಾಕ್‌ಕರಂಟ್ ತಿಂದದ್ದು ಐಸ್‌ಕ್ರೀಮಿನಲ್ಲಿ ಮಾತ್ರ. ಸೀಡರ್ ಮರ ಕಣ್ಣಲ್ಲಿ ಕಂಡವನಲ್ಲ. ಎಲ್ಲ ಬಾಟ್ಲಿಯ ಹಿಂದಿನ ಲೇಬಲ್ ನೋಡಿ ಇಳಿಸಿದ್ದು, ಪರೀಕ್ಷೆಯಲ್ಲಿ ಪಕ್ಕದವನದ್ದು ನೋಡಿ ಬರೆದ ಹಾಗೆ.

ಗೂಸ್‌ಬೆರಿಯ ಕಥೆ ಇನ್ನೂ ಚಂದ. ಅದು ನೆಲ್ಲಿಕಾಯಿ ಅಂತಲೇ ತಿಳಿದು ಒಂದು ವರ್ಷ ಸಾವಿನ್ಯೋ ಬ್ಲಾಂ ಎಂಬ ಬಿಳಿ ವೈನಿನಲ್ಲಿ ನೆಲ್ಲಿ ಹುಡುಕಿದೆ. ನೆಲ್ಲಿ ತಿಂದು ನೀರು ಕುಡಿದರೆ ಬರುವ ಆ ಸಿಹಿ ಎಲ್ಲಿ, ಸಿಗುವುದೇ ಇಲ್ಲವಲ್ಲ ಅಂತ. ಆಮೇಲೆ ಗೊತ್ತಾಯಿತು, ಯುರೋಪಿನ ಗೂಸ್‌ಬೆರಿ ಬೇರೆಯೇ ಗಿಡ. ನಮ್ಮ ನೆಲ್ಲಿಗೂ ಅದಕ್ಕೂ ನೆಂಟಸ್ತಿಕೆಯೇ ಇಲ್ಲ.

ಹಾಗಾಗಿ ನೋಟ್‌ಬುಕ್ಕನ್ನು ಮೊದಲಿನಿಂದ ಬರೆಯುತ್ತಿದ್ದೇನೆ, ನನ್ನ ಮೂಗಿಗೆ ಪರಿಚಯ ಇರುವ ಪರಿಮಳಗಳಲ್ಲಿ ಮಾತ್ರ. ಕೆಲವು ಇಲ್ಲಿ ಹಾಕುತ್ತೇನೆ, ನಿಮ್ಮದೂ ಹಾಕಿ. ಷರತ್ತು ಒಂದೇ: ತಿನ್ನದ ಹಣ್ಣಿನ ಹೆಸರು ಬರೆಯಬಾರದು.

ಸುಲಾ ಸಾವಿನ್ಯೋ ಬ್ಲಾಂ. ಫೆಬ್ರವರಿಯಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ನಾಸಿಕ್ ರೋಡಿನಲ್ಲಿ ಇಳಿದು, ಅವರದೇ ತೋಟಕ್ಕೆ ಮುಖ ಮಾಡಿದ ಬಾಲ್ಕನಿಯಲ್ಲಿ ಕುಳಿತು ಕುಡಿದದ್ದು. ಕೊಯ್ಲಿನ ಸಮಯ. ಯುರೋಪಿನವರು ದ್ರಾಕ್ಷಿ ಕೊಯ್ಯುವುದು ಸೆಪ್ಟೆಂಬರ್ ಆಸುಪಾಸಿಗೆ. ಇಲ್ಲಿ ಮಳೆ ಮುಗಿದ ಮೇಲೆ ಚಾಟನಿ ಮಾಡಿ, ಚಳಿಗಾಲದಲ್ಲಿ ಹಣ್ಣು ಮಾಡಿಸುತ್ತಾರೆ. ಗ್ಲಾಸಿನಲ್ಲಿ ಇದ್ದದ್ದು: ಇನ್ನೂ ಗಟ್ಟಿ ಇರುವ ಪೇರಳೆಯನ್ನು ಸಿಪ್ಪೆ ಸಮೇತ ಕಚ್ಚಿದ ರುಚಿ, ಹಿಂದಿನಿಂದ ದೊಣ್ಣೆಮೆಣಸಿನ ತೊಟ್ಟು ಮುರಿದ ಹಸಿ ಪರಿಮಳ. ಹುಳಿ ನಾಲಿಗೆಯ ಎರಡೂ ಬದಿಗೆ ಸರಿಯಾಗಿ ತಾಗುತ್ತದೆ. ಹತ್ತಕ್ಕೆ ಒಂಬತ್ತು. ಅದೇ ವೈನ್ ಏಪ್ರಿಲಿನಲ್ಲಿ ಬಿಜೈ ಮನೆಯಲ್ಲಿ, ಕಾಣೆ ಮೀನಿನ ರವಾ ಫ್ರೈ ಜೊತೆ: ಆರೂವರೆ. ಬದಲಾದದ್ದು ಬಾಟ್ಲಿಯೋ ನಾನೋ?

ಸುಲಾ ದಿಂಡೋರಿ ರಿಸರ್ವ್ ಶಿರಾಜ್. ಮನೆಯಲ್ಲಿ, ಕೋರಿ ಸುಕ್ಕದ ಜೊತೆ. ಬಾಯಿಗೆ ಮೊದಲು ನೇರಳೆ, ನಾಲಿಗೆ ಬಣ್ಣ ಆಗುವಷ್ಟು ಹಣ್ಣಾದದ್ದು. ಮತ್ತೆ ಕರಿಮೆಣಸು ಕುಟ್ಟಿದ ಕಲ್ಲಿನ ಪರಿಮಳ. ಇದು ನನ್ನ ಕವಿತ್ವ ಅಲ್ಲ. ಶಿರಾಜ್ ದ್ರಾಕ್ಷಿಯ ಸಿಪ್ಪೆಯಲ್ಲೂ ಕರಿಮೆಣಸಿನಲ್ಲೂ ಇರುವುದು ಒಂದೇ ವಸ್ತು, ರೊಟಂಡೋನ್ ಅಂತ ಹೆಸರು. 2008ರಲ್ಲಿ ಆಸ್ಟ್ರೇಲಿಯಾದವರು ಕಂಡುಹಿಡಿದು ಬರೆದರು. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸುವ ಊರಿನವರಿಗೆ ಇದು ಲೇಬಲ್ ಓದದೆಯೇ ಗೊತ್ತಾಗಬೇಕು.

ಗ್ರೋವರ್ ಝಂಪಾ ಲಾ ರಿಸರ್ವ್. ನಂದಿಬೆಟ್ಟದ ಕಡೆ ಅಣ್ಣನ ಮನೆಯವರೊಟ್ಟಿಗೆ ಹೋದಾಗ. ಕ್ಯಾಬರ್ನೆ ಸಾವಿನ್ಯೋ, ಶಿರಾಜ್ ಎರಡೂ ದ್ರಾಕ್ಷಿ ಸೇರಿಸಿ ಓಕ್ ಪೀಪಾಯಿಯಲ್ಲಿ ಇಟ್ಟದ್ದು. ಟ್ಯಾನಿನ್ ಎಂಬುದು ಪುಸ್ತಕ ಓದಿ ನನಗೆ ತಲೆಗೆ ಹೋಗಿರಲಿಲ್ಲ. ಇದನ್ನು ಕುಡಿದಾಗ ಅಂದುಕೊಂಡೆ, ಅಯ್ಯೋ, ಇದು ಚೊಗರು! ಚಿಕ್ಕಂದಿನಲ್ಲಿ ಗುಡ್ಡೆಯ ಗೇರುಹಣ್ಣು ಕಚ್ಚಿ ಗಂಟಲು ಹಿಡಿಯುತ್ತಿತ್ತಲ್ಲ, ಅದರ ಮರ್ಯಾದಸ್ಥ ತಮ್ಮ.

ಇನ್ನೊಂದು ಕೆಂಪು, ಹೆಸರು ಬೇಡ. ಅಂಗಡಿಯ ಬಿಸಿಲು ಬೀಳುವ ಕಿಟಕಿ ಬದಿಯಿಂದ ತೆಗೆದುಕೊಟ್ಟದ್ದು. ಒಣದ್ರಾಕ್ಷಿ ಹಾಕಿದ ಪಾಯಸ ತಳ ಹಿಡಿದ ಹಾಗೆ. ಅರ್ಧ ಬಾಟ್ಲಿ ಸಿಂಕಿಗೆ.

ಮಲ್ಪೆ ಬೊಂಡಾಸ್ · ಶುಕ್ರವಾರ ರಾತ್ರಿ 10.52

ಬಾಟ್ಲಿಯೂ ಬದಲಾಗಲಿಲ್ಲ, ನೀವೂ ಬದಲಾಗಲಿಲ್ಲ. ಏಪ್ರಿಲಿನಲ್ಲಿ ಕುಡಿದಾಗ ವೈನ್ ಎಷ್ಟು ತಣ್ಣಗಿತ್ತು ಅದು ಹೇಳಿ.

ಬಿಜೈ ಮೂರನೇ ಮಹಡಿ · ಶುಕ್ರವಾರ ರಾತ್ರಿ 10.58

ಫ್ರಿಜ್ಜಿನಿಂದ ತೆಗೆದು ಮೇಜಿನ ಮೇಲೆ ಇಟ್ಟಿದ್ದೆ. ಕಾಣೆ ಕಾಯುವುದು ಸ್ವಲ್ಪ ತಡ ಆಯಿತು. ಅರ್ಧ ಗಂಟೆ, ಮುಕ್ಕಾಲು ಗಂಟೆ.

ಮಲ್ಪೆ ಬೊಂಡಾಸ್ · ಶುಕ್ರವಾರ ರಾತ್ರಿ 11.20

ಅದೇ ನೋಡಿ. ಏಪ್ರಿಲಿನ ಮಂಗಳೂರಿನಲ್ಲಿ ಮುಕ್ಕಾಲು ಗಂಟೆ ಹೊರಗಿಟ್ಟರೆ ಮೀನೇ ಕೆಡುತ್ತದೆ, ವೈನಿನ ಗತಿ ಎಂತ? ನಾಸಿಕ್‌ನಲ್ಲಿ ನೀವು ಕುಡಿದದ್ದು ಫೆಬ್ರವರಿಯ ಸಂಜೆ, ಸುತ್ತ ತಂಪು. ಬಿಸಿ ಆದರೆ ಹುಳಿ ಚಪ್ಪೆ ಆಗಿ ಮದ್ಯದ ಘಾಟು ಮಾತ್ರ ಮೇಲೆ ಬರುತ್ತದೆ.

ನನ್ನ ಮನೆಯವರು ಐಸ್ ಪ್ಲಾಂಟಿನವರು, ಹಾಗಾಗಿ ಇದೊಂದು ವಿಷಯ ನನ್ನ ಹತ್ತಿರ ಕೇಳಿ. ಬಕೆಟಿಗೆ ಬರೀ ಐಸ್ ತುಂಬಿಸಿ ಬಾಟ್ಲಿ ನಿಲ್ಲಿಸುವವರನ್ನು ನೋಡಿದರೆ ಮಂಡೆ ಬಿಸಿ ಆಗುತ್ತದೆ. ಐಸಿನ ತುಂಡುಗಳ ನಡುವೆ ಗಾಳಿ ಇರುತ್ತದೆ, ಗಾಳಿಗೆ ತಂಪು ದಾಟಿಸಲು ಬರುವುದಿಲ್ಲ. ಅರ್ಧ ಐಸ್, ಅರ್ಧ ನೀರು, ಒಂದು ಹಿಡಿ ಕಲ್ಲುಪ್ಪು. ಬಾಟ್ಲಿಯ ಕುತ್ತಿಗೆವರೆಗೆ ಮುಳುಗಬೇಕು. ಕಾಲು ಗಂಟೆ ಇಪ್ಪತ್ತು ನಿಮಿಷಕ್ಕೆ ಬಿಳಿ ವೈನ್ ತಯಾರು. ಬೋಟಿನವರು ಮೀನು ಬೇಗ ತಣಿಯಬೇಕಾದರೆ ಇದನ್ನೇ ಮಾಡುವುದು.

ಇನ್ನು ಕೆಂಪು. "ರೂಮ್ ಟೆಂಪರೇಚರಿನಲ್ಲಿ ಕುಡಿಯಿರಿ" ಅಂತ ಬರೆದವರ ರೂಮ್ ಯಾವುದು? ಫ್ರಾನ್ಸಿನ ಕಲ್ಲಿನ ಮನೆ, 16ರಿಂದ 18 ಡಿಗ್ರಿ. ನಮ್ಮ ರೂಮು ಫ್ಯಾನ್ ಹಾಕಿದರೂ 31. ಇಲ್ಲಿ ಕೆಂಪು ವೈನನ್ನೂ ಅರ್ಧ ಗಂಟೆ ಫ್ರಿಜ್ಜಿಗೆ ಹಾಕಿಯೇ ತೆಗೆಯಬೇಕು. ಒಮ್ಮೆ ಉಡುಪಿಯ ಒಂದು ದೊಡ್ಡ ಹೋಟೆಲಿನಲ್ಲಿ ಕೆಂಪು ವೈನಿಗೆ ಐಸ್ ಬಕೆಟ್ ಕೇಳಿದೆ. ಹುಡುಗ ನನ್ನನ್ನು ಗ್ರಾಮ್ಯ ಮನುಷ್ಯನನ್ನು ನೋಡಿದ ಹಾಗೆ ನೋಡಿದ. ನೋಡಲಿ.

ನಿಮ್ಮ ತಳ ಹಿಡಿದ ಪಾಯಸವೂ ಇದೇ ಕೇಸು. ಬಿಸಿಲಿನ ಶೆಲ್ಫಿನಲ್ಲಿ ಒಂದು ಬೇಸಿಗೆ ಕಳೆದ ಬಾಟ್ಲಿ ಒಳಗೆ ಬೆಂದಿರುತ್ತದೆ. ಅಂಗಡಿಯ ಹಿಂದಿನ, ಕತ್ತಲೆ ಮೂಲೆಯದ್ದು ಕೇಳಿ ತೆಗೆದುಕೊಳ್ಳಿ.

ಕೆ.ಟಿ. ಸಾಕು · ಶನಿವಾರ ಬೆಳಿಗ್ಗೆ 7.05

ಕಲ್ಲಡ್ಕದಲ್ಲಿ ಒಂದು ಕೆ.ಟಿ. ಕುಡಿಯಿರಿ. ಮೇಲೆ ಚಾ, ಕೆಳಗೆ ಹಾಲು, ಎರಡೂ ಸೇರುವುದಿಲ್ಲ. ರುಚಿ ಟಿಪ್ಪಣಿ: ಲಾಯ್ಕ ಉಂಟು. ಮುಗಿಯಿತು.

ಕುಲಶೇಖರದ ಭರಣಿ · ಶನಿವಾರ ಮಧ್ಯಾಹ್ನ 12.40

ನೀವೆಲ್ಲ ಅಂಗಡಿಯ ವೈನಿನಲ್ಲೇ ಇದ್ದೀರಿ. "ಮನೆಯಲ್ಲಿ ಕುಡಿದದ್ದು" ಅಂದಾಗ ನನಗೆ ನೆನಪಾಗುವುದು ಮನೆಯಲ್ಲಿ ಮಾಡಿದ್ದು.

ನವೆಂಬರ್ ಕೊನೆಗೆ ನಮ್ಮ ಮನೆಯಲ್ಲಿ ಭರಣಿ ಇಳಿಯುತ್ತದೆ. ಅಮ್ಮನ ಅಳತೆ: ಕಪ್ಪು ದ್ರಾಕ್ಷಿ ಒಂದು ಕಿಲೊ, ಸಕ್ಕರೆ ಒಂದು ಕಿಲೊ, ಕುದಿಸಿ ತಣಿಸಿದ ನೀರು ಒಂದೂವರೆ ಲೀಟರ್, ಒಂದು ಚಮಚ ಯೀಸ್ಟ್, ಒಂದು ಹಿಡಿ ಗೋಧಿ, ನಾಲ್ಕು ಲವಂಗ, ಒಂದು ತುಂಡು ಚಕ್ಕೆ. ದ್ರಾಕ್ಷಿ ತೊಳೆದು, ಒಂದು ತೊಟ್ಟು ನೀರೂ ಇಲ್ಲದ ಹಾಗೆ ಒರೆಸಿ, ಕೈಯಲ್ಲಿ ಹಿಚುಕುವುದು. ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಕತ್ತಲೆ ಕೋಣೆಗೆ. 21 ದಿನ, ದಿನಕ್ಕೊಮ್ಮೆ ಮರದ ಸೌಟಿನಲ್ಲಿ ಕದಡುವುದು. ಸೌಟು ಚಂಡಿ ಇದ್ದರೆ ಅಮ್ಮನ ಬಾಯಿ ಕೇಳಬೇಕು. ಸೋಸಿದ ಮೇಲೆ ಬಣ್ಣ ಸಾಲದಿದ್ದರೆ ಸಕ್ಕರೆ ಕರಟಿಸಿ ಹಾಕುವುದು.

ಸೋಸಿದ್ದು ಮಬ್ಬಾಗಿದ್ದರೆ ಅಜ್ಜಿ ಮೊಟ್ಟೆಯ ಬಿಳಿ ಭಾಗವನ್ನು ಸ್ವಲ್ಪ ಕದಡಿ ಹಾಕುತ್ತಿದ್ದರು. ಎರಡು ದಿನದಲ್ಲಿ ಗಷ್ಟು ತಳಕ್ಕೆ. ನಾವು ಮಕ್ಕಳು "ಶೀ" ಎನ್ನುತ್ತಿದ್ದೆವು. ಈಗ ಓದಿದರೆ ಬೋರ್ಡೋದ ದೊಡ್ಡ ದೊಡ್ಡ ತೋಟದವರೂ ಪೀಪಾಯಿಗೆ ಮೊಟ್ಟೆಯ ಬಿಳಿಯನ್ನೇ ಹಾಕುತ್ತಾರಂತೆ, ಚೊಗರಿನ ಒರಟು ತೆಗೆಯಲಿಕ್ಕೆ. ಅಜ್ಜಿ ಫ್ರಾನ್ಸ್ ಬಿಡಿ, ಬೆಂಗಳೂರನ್ನೂ ನೋಡಿದವರಲ್ಲ.

ರುಚಿ ಟಿಪ್ಪಣಿ ಬರೆಯುವುದಾದರೆ: ಲವಂಗ, ಕರಟಿದ ಸಕ್ಕರೆ, ಹಬ್ಬದ ಬಟ್ಟೆ ಇಡುವ ಟ್ರಂಕನ್ನು ವರ್ಷಕ್ಕೊಮ್ಮೆ ತೆರೆದಾಗ ಬರುವ ಪರಿಮಳ. ಭಯಂಕರ ಸಿಹಿ. ಅದಕ್ಕೂ ಕಾರಣ ಉಂಟು. ಯೀಸ್ಟ್ ಸಕ್ಕರೆ ತಿಂದು ಮದ್ಯ ಮಾಡುತ್ತದೆ, ಮದ್ಯ ಒಂದು ಮಟ್ಟ ದಾಟಿದರೆ ಅದರಲ್ಲೇ ಸೋತು ಕುಳಿತುಕೊಳ್ಳುತ್ತದೆ. ಬೇಕರಿಯ ಯೀಸ್ಟ್ ಬೇಗ ಸೋಲುತ್ತದೆ. ಉಳಿದ ಸಕ್ಕರೆ ಎಲ್ಲ ಸಿಹಿಯಾಗಿ ಗ್ಲಾಸಿಗೆ. ಹಾಗಾಗಿ ಇದನ್ನು ಊಟದ ಜೊತೆ ಅಲ್ಲ, ಕುಸ್ವಾರಿನ, ಅಂದರೆ ಕ್ರಿಸ್ಮಸ್ ತಿಂಡಿಗಳ, ತಟ್ಟೆಯ ಜೊತೆ ಚಿಕ್ಕ ಗ್ಲಾಸಿನಲ್ಲಿ ಕೊಡುವುದು. ಒಂದು ನೆವ್ರಿ, ಒಂದು ಗುಟುಕು.

ಒಂದು ವರ್ಷ ನಾನು ಜಾಣತನ ಮಾಡಿ ಹನ್ನೆರಡನೇ ದಿನವೇ ಸೋಸಿ ಬಾಟ್ಲಿಗೆ ಹಾಕಿ ಬಿರಡೆ ಬಿಗಿದೆ. ಒಳಗೆ ಇನ್ನೂ ಹುಳಿ ಏಳುತ್ತಿತ್ತು. ರಾತ್ರಿ ಎರಡು ಗಂಟೆಗೆ ಢಂ! ತೆಂಗಿನಕಾಯಿ ಹಂಚಿಗೆ ಬಿತ್ತು ಅಂತ ಅಪ್ಪ ಟಾರ್ಚ್ ಹಿಡಿದು ಅಂಗಳಕ್ಕೆ ಓಡಿದರು. ಬೆಳಿಗ್ಗೆ ನೋಡಿದರೆ ಅಡಿಗೆಮನೆಯ ಗೋಡೆ ತುಂಬ ನೇರಳೆ ಬಣ್ಣ, ಪಕ್ಕದ ಕ್ಯಾಲೆಂಡರಿನಲ್ಲಿದ್ದ ಸಂತ ಅಂತೋನಿಯವರಿಗೂ ಪ್ರೋಕ್ಷಣೆ.

ಪುತ್ತೂರು ಚಾಲಿ · ಶನಿವಾರ ಸಂಜೆ 6.30

ಬಿಜೈಯವರೇ, ಚೊಗರು ಅಂದದ್ದು ಸರಿ, ಆದರೆ ಎಲ್ಲ ಚೊಗರನ್ನೂ ಒಂದೇ ಚೀಲಕ್ಕೆ ತುಂಬಬೇಡಿ. ಗೇರುಹಣ್ಣಿನದ್ದು ಗಂಟಲು ಹಿಡಿಯುವ ಚೊಗರು. ಎಳೆ ಬಾಳೆಕಾಯಿಯದ್ದು ಹಲ್ಲಿಗೆ ಅಂಟುವಂಥದ್ದು. ಒಣ ಅಡಿಕೆಯದ್ದು ನಾಲಿಗೆಯನ್ನು ಒರೆಸಿ ಚೊಕ್ಕ ಮಾಡಿಬಿಡುತ್ತದೆ. ಘಟ್ಟದ ಮೇಲಿನವರು ಅಡಿಕೆ ಬೇಯಿಸಿ ಉಳಿದ ನೀರನ್ನೇ ಚೊಗರು ಅಂತ ಕರೆಯುತ್ತಾರೆ, ಬಣ್ಣ ಕಟ್ಟಲಿಕ್ಕೆ. ನಾವು ಚಾಲಿಯವರು, ಬೇಯಿಸುವುದಿಲ್ಲ, ಅಂಗಳದಲ್ಲಿ ಒಣಗಿಸುವುದು.

ನನಗೆ ಕೆಂಪು ವೈನಿನಲ್ಲಿ ಈ ಮೂರೂ ಬೇರೆ ಬೇರೆಯಾಗಿ ಸಿಕ್ಕಿದ್ದುಂಟು. ಕೃಷ್ಮಾ ಅಂತ ಹಂಪಿ ಕಡೆಯ ಗುಡ್ಡದಲ್ಲಿ ಬೆಳೆದ ಕ್ಯಾಬರ್ನೆ ಸಾವಿನ್ಯೋ, ಹೊಸಪೇಟೆಗೆ ಹೋದಾಗ ಒಬ್ಬರು ಕುಡಿಸಿದರು. ಅದರಲ್ಲಿ ಇದ್ದದ್ದು ಒಣ ಅಡಿಕೆಯ ಚೊಗರು. ಒಂದು ಗುಟುಕು, ಬಾಯಿ ಚೊಕ್ಕ, ಮತ್ತೊಂದು ತುಂಡು ಮಟನ್ನಿಗೆ ನಾಲಿಗೆ ತಯಾರು. ದ್ರಾಕ್ಷಿಯ ಸಿಪ್ಪೆ, ಬೀಜ, ಆಮೇಲೆ ಓಕ್ ಮರ, ಮೂರು ಕಡೆಯಿಂದಲೂ ಟ್ಯಾನಿನ್ ಬರುತ್ತದೆ. ಬೀಜದ್ದು ಹೆಚ್ಚಾದರೆ ಕಹಿ.

ಇನ್ನೊಂದು ಪ್ರಶ್ನೆ. ಇಷ್ಟೆಲ್ಲ ಬೆಳೆಯುವ ನಮ್ಮ ಜಿಲ್ಲೆಯಲ್ಲಿ ಒಂದೂ ದ್ರಾಕ್ಷಿ ತೋಟ ಯಾಕಿಲ್ಲ ಅಂತ ಮಗಳು ಕೇಳಿದಳು. ಮನೆ ಹಿಂದೆ ಒಂದು ಬಳ್ಳಿ ನೆಟ್ಟು ತೋರಿಸಿದೆ. ಜುಲೈಗೆ ಎಲೆಯ ಅಡಿಯಲ್ಲಿ ಬಿಳಿ ಬೂಸ್ಟು, ಆಗಸ್ಟಿಗೆ ಬಳ್ಳಿಯೇ ಇಲ್ಲ. ವರ್ಷಕ್ಕೆ 3500 ಮಿ.ಮೀ. ದಾಟುವ ಮಳೆ, ರಾತ್ರಿಯೂ ಇಳಿಯದ ಸೆಕೆ. ದ್ರಾಕ್ಷಿಗೆ ಹಗಲು ಬಿಸಿಲು, ರಾತ್ರಿ ತಂಪು ಬೇಕು, ಇಲ್ಲದಿದ್ದರೆ ಹಣ್ಣಾಗುವಷ್ಟರಲ್ಲಿ ಹುಳಿ ಎಲ್ಲ ಖಾಲಿ. ನಂದಿಬೆಟ್ಟದ ಬದಿ, ನಾಸಿಕ್ ಎರಡೂ ಎತ್ತರದ ಜಾಗ, ಅದಕ್ಕೇ ಅಲ್ಲಿ ಆಗುತ್ತದೆ. ನಮಗೆ ದೇವರು ಪುನರ್ಪುಳಿ ಕೊಟ್ಟಿದ್ದಾನೆ, ಸಾಕು.

ಶಂಕರಪುರ ಮಲ್ಲಿಗೆ · ಭಾನುವಾರ ಬೆಳಿಗ್ಗೆ 9.10

ನಮ್ಮದು ಮಲ್ಲಿಗೆ ಕಟ್ಟುವ ಮನೆ. ಬೆಳಿಗ್ಗೆ ಕೊಯ್ದ ಮೊಗ್ಗಿಗೂ ಸಂಜೆ ಅರಳಿದ ಹೂವಿಗೂ ಪರಿಮಳ ಬೇರೆ ಅಂತ ಕಣ್ಣು ಮುಚ್ಚಿ ಹೇಳುತ್ತೇನೆ, ಆದರೆ ಐವತ್ತು ವರ್ಷದವರೆಗೆ ವೈನ್ ಮೂಸಿ ಕೂಡ ನೋಡಿರಲಿಲ್ಲ. ಮಗಳ ಬಾಣಂತನಕ್ಕೆ ಜರ್ಮನಿಗೆ ಹೋದೆ. ಅಳಿಯ ಮೊಸೆಲ್ ನದಿಯ ಹತ್ತಿರ ಕರೆದುಕೊಂಡು ಹೋದ. ಮನೆಯ ಮಾಡಿನಷ್ಟು ಓರೆ ಗುಡ್ಡೆ, ತುಂಬ ಕಪ್ಪು ಸ್ಲೇಟ್ ಕಲ್ಲಿನ ಚೂರು, ಅದರಲ್ಲಿ ದ್ರಾಕ್ಷಿ. ಆ ಕಲ್ಲು ಹಗಲು ಬಿಸಿ ಹಿಡಿದಿಟ್ಟು ರಾತ್ರಿ ಬಳ್ಳಿಗೆ ಕೊಡುತ್ತದಂತೆ. ಅಲ್ಲಿಯವರಿಗೆ ಬಿಸಿ ಬೇಕು, ನಮಗೆ ತಂಪು ಬೇಕು, ನೋಡಿ.

ರೀಸ್ಲಿಂಗ್ ಕಾಬಿನೆಟ್ ಅಂತ ಒಂದು ಬಿಳಿ ವೈನ್ ಕೊಟ್ಟರು. ಮದ್ಯ ಶೇ. 8 ಮಾತ್ರ, ಹಾಗಾಗಿ ಧೈರ್ಯ ಮಾಡಿದೆ. ಅರೆ ಹಣ್ಣಾದ ಕಾಟುಮಾವಿನ ರಸ, ಸ್ವಲ್ಪ ಸಿಹಿ, ಅದರ ಮೇಲೆ ಗಂಧಕಸಾಲೆ ನಿಂಬೆಯ ಸಿಪ್ಪೆ ಚಿವುಟಿದ ಹಾಗೆ. ಮತ್ತೊಂದು ಹಳೆಯ ಬಾಟ್ಲಿ ತೆಗೆದರು, ಹತ್ತು ವರ್ಷದ್ದು. ಮೂಗಿಗೆ ಹಿಡಿದರೆ ಪೆಟ್ರೋಲ್! ಕೆಟ್ಟಿದೆ ಅಂತ ನಾನು ಗ್ಲಾಸ್ ದೂರ ಇಟ್ಟೆ. ಅವರು ನಕ್ಕರು. ರೀಸ್ಲಿಂಗ್ ಹಳತಾದರೆ ಹಾಗೆಯೇ ಅಂತೆ, ಅದೇ ಅದರ ಹೆಚ್ಚುಗಾರಿಕೆ ಅಂತೆ. ಎರಡನೇ ಗುಟುಕಿಗೆ ಸರಿ ಆಯಿತು. ಮೂರನೆಯದಕ್ಕೆ ಇಷ್ಟವೇ ಆಯಿತು.

ಬರುವಾಗ ಕಾಬಿನೆಟ್ ಎರಡು ಬಾಟ್ಲಿ ಸೀರೆಯಲ್ಲಿ ಸುತ್ತಿ ತಂದೆ. ಒಂದನ್ನು ಬಂಗುಡೆ ಪುಳಿಮುಂಚಿ ಮಾಡಿದ ದಿನ ತೆರೆದೆವು. ಖಾರ ಆ ಸಿಹಿಯಲ್ಲಿ ಅಡಗಿತು, ಹುಣಸೆಯ ಹುಳಿಗೆ ವೈನಿನ ಹುಳಿ ಸಮ ನಿಂತಿತು. ಎಲ್ಲರೂ "ಮೀನಿಗೆ ಬಿಳಿ" ಎನ್ನುತ್ತಾರೆ, ಕಾರಣ ಯಾರೂ ಹೇಳುವುದಿಲ್ಲ. ಕೆಂಪು ವೈನಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದರೆ ಅದು ಮೀನಿನ ಎಣ್ಣೆಯ ಜೊತೆ ಸೇರಿ ಬಾಯಲ್ಲಿ ಹಳಸಿದ ಮೀನಿನ ನಾತ ಎಬ್ಬಿಸುತ್ತದೆ, ಅಷ್ಟೇ. ಬಂಗುಡೆ, ಬೂತಾಯಿಯಂಥ ಎಣ್ಣೆ ಮೀನಿಗೆ ಕೆಂಪು ಕುಡಿದು ನೋಡಿದವರಿಗೆ ಗೊತ್ತು.

ಮಲ್ಪೆ ಬೊಂಡಾಸ್ · ಭಾನುವಾರ ಬೆಳಿಗ್ಗೆ 9.34

ಅಕ್ಕ, ಹತ್ತು ವರ್ಷ ಕಾದು ಪೆಟ್ರೋಲ್ ಪರಿಮಳ ಬರಿಸುವುದು ಯಾಕೆ? ನಮ್ಮ ಬಂದರಿಗೆ ಬನ್ನಿ, ಡೀಸೆಲ್ ಉಚಿತ.

ಹೆಮ್ಮಾಡಿ ಸೇವಂತಿಗೆ · ಭಾನುವಾರ ಮಧ್ಯಾಹ್ನ 1.15

ಹ್ವಾಯ್, ನಂದೊಂದ್ ಸಂಶಯ ಇತ್ತ್. ಮುಂದಿನ್ ವಾರ ಅತ್ತೆ ಮನೆಯರ್ ಬತ್ರ್. ಕುಂದಾಪ್ರದ್ ಚಿಕನ್ ಘೀ ರೋಸ್ಟ್ ಮಾಡುದ್. ಅದ್ಕೆ ಎಂತ ವೈನ್ ಆತ್ತ್? ಕೆಂಪ್ ಮಸಾಲಿಗೆ ಕೆಂಪ್ ವೈನ್ ಅಂದೇಳಿ ಒಬ್ರ್ ಹೇಳ್ರ್.

ಬಿಜೈ ಮೂರನೇ ಮಹಡಿ · ಭಾನುವಾರ ಮಧ್ಯಾಹ್ನ 2.00

ಬಣ್ಣ ನೋಡಿ ಜೋಡಿ ಮಾಡುವುದು ಸೀರೆ ರವಕೆಗೆ. ಬ್ಯಾಡಗಿ ಮೆಣಸು, ತುಪ್ಪ, ಹುಳಿ, ಸ್ವಲ್ಪ ಬೆಲ್ಲ ಇರುವ ಮಸಾಲೆಗೆ ಚೊಗರು ಕೆಂಪು ಕೊಟ್ಟರೆ ಖಾರ ಇನ್ನೂ ಉರಿಯುತ್ತದೆ. ಮದ್ಯ ಹೆಚ್ಚಿದ್ದಷ್ಟೂ ಉರಿ ಹೆಚ್ಚು. ಜರ್ಮನಿಗೆ ಹೋಗುವ ಅಗತ್ಯ ಇಲ್ಲ, ಸುಲಾ ಶೆನಿನ್ ಬ್ಲಾಂ ಸ್ವಲ್ಪ ಸಿಹಿ ಇರುವ ಬಿಳಿ, ಅದು ಸಾಕು. ನನ್ನ ಟಿಪ್ಪಣಿ: ಅನಾನಸಿನ ನಡುದಿಂಡು, ಜೇನಿನ ಒಂದು ಹನಿ. ಬೊಂಡಾಸ್ ಹೇಳಿದ ಹಾಗೆ ಐಸ್, ನೀರು, ಕಲ್ಲುಪ್ಪು.

ಫಳ್ನೀರ್ ಜನೆಲ್ · ಭಾನುವಾರ ರಾತ್ರಿ 9.45

ರಜೆಯದ್ದು ಕೇಳಿದ್ದೀರಲ್ಲ. ಪೋರ್ತುಗಲ್‌ನ ಪೋರ್ತೊ, ಜೂನ್ 23ರ ರಾತ್ರಿ. ಸಾಂವ್ ಜುವಾಂವ್ ಹಬ್ಬ. ನಮ್ಮಲ್ಲೂ ಮಳೆ ಬಂದು ಬಾವಿ ತುಂಬುವಾಗ ಅದೇ ಸಂತರ ಹಬ್ಬ ಬರುತ್ತದೆ. ಅಲ್ಲಿ ಜನ ಒಬ್ಬರ ತಲೆಗೆ ಇನ್ನೊಬ್ಬರು ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಬಡಿಯುತ್ತಾರೆ, ಪರಿಚಯ ಏನೂ ಬೇಡ. ಬೀದಿಬೀದಿಯಲ್ಲಿ ಕೆಂಡದ ಮೇಲೆ ಸಾರ್ಡಿನ್ ಸುಡುವ ಹೊಗೆ. ಊರಿನಲ್ಲಿ ಜೂನ್, ಜುಲೈ ಟ್ರಾಲ್‌ಬೋಟ್ ಬಂದ್ ಇರುವಾಗ ನಾನು ಅಲ್ಲಿ ಬೂತಾಯಿಯ ಅಣ್ಣನನ್ನು ತಿನ್ನುತ್ತಿದ್ದೆ. ಜಾತಿ ಬೇರೆ, ನಮ್ಮದಕ್ಕಿಂತ ಸ್ವಲ್ಪ ದಪ್ಪ, ಮುಳ್ಳು ಅಷ್ಟೇ.

ಜೊತೆಗೆ ವಿನ್ಯೊ ವೆರ್ದ್. ಹೆಸರಿಗೆ ಹಸಿರು ವೈನ್, ಬಣ್ಣ ಹಸಿರಲ್ಲ. ಎಳೆಯದಾಗಿರುವಾಗಲೇ ಕುಡಿಯುವುದು. ನಾಲಿಗೆಗೆ ಸೋಡಾದ ಹಾಗೆ ಸಣ್ಣ ಚುಚ್ಚು. ಲಿಂಬೆ, ಹಸಿ ಅಂಬಟೆ, ಕಡಲ ಬದಿಯ ಗಾಳಿ. ಹುಳಿ ಎಷ್ಟೆಂದರೆ ಮೀನಿನ ಎಣ್ಣೆಯನ್ನು ಸೀದಾ ಕೊಯ್ದು ಹಾಕುತ್ತದೆ. ಹತ್ತಕ್ಕೆ ಹತ್ತು, ಸುತ್ತಿಗೆ ಪೆಟ್ಟು ಸೇರಿ. ಊರಿಗೆ ಬಂದು ಅದೇ ಬಾಟ್ಲಿ ತೆರೆದೆ, ಎ.ಸಿ. ಹಾಕಿ, ಐಸ್ ಬಕೆಟ್ ಇಟ್ಟು, ಬೂತಾಯಿ ಸುಟ್ಟು. ಎಂಟು. ಬೊಂಡಾಸಣ್ಣ, ಎಲ್ಲವೂ ಟೆಂಪರೇಚರ್ ಅಲ್ಲ. ಆ ಎರಡು ಅಂಕ ಹೊಗೆಯದ್ದು, ಗೌಜಿಯದ್ದು.

ಮರುದಿನ ದೋರು ನದಿಯ ಆಚೆ ಬದಿ ಗಾಯಾದಲ್ಲಿ ಪೋರ್ಟ್ ಕುಡಿದೆವು. ಇದು ಸ್ವಲ್ಪ ಉದ್ದ ಹೇಳಬೇಕು, ಯಾಕೆಂದರೆ ನಮ್ಮ ಊರಿನಲ್ಲಿ ಪೋರ್ಟ್ ಅಂದರೆ ಅಂಗಡಿಯ ಸಿಹಿ ಕೆಂಪು, ಮದುವೆಯ ಟೋಸ್ಟಿಗೆ ಇಷ್ಟಿಷ್ಟು ಹಂಚುವುದು. ನಿಜವಾದ ಪೋರ್ಟಿನ ದ್ರಾಕ್ಷಿ ದೋರು ಕಣಿವೆಯಲ್ಲೇ ಬೆಳೆಯಬೇಕು, 1756ರಲ್ಲೇ ಅದಕ್ಕೆ ಗಡಿ ಹಾಕಿಟ್ಟಿದ್ದಾರೆ. ಹುಳಿ ಬರುತ್ತಿರುವಾಗ, ಸಕ್ಕರೆ ಇನ್ನೂ ಅರ್ಧ ಉಳಿದಿರುವಾಗ, ದ್ರಾಕ್ಷಿಯದ್ದೇ ಖಡಕ್ ಸಾರಾಯಿ ಸುರಿಯುತ್ತಾರೆ. ಯೀಸ್ಟ್ ಅಲ್ಲೇ ಸತ್ತಿತು, ಸಿಹಿ ಉಳಿಯಿತು, ಮದ್ಯ ಶೇ. 20ರ ಹತ್ತಿರ ಹೋಯಿತು. ಕುಲಶೇಖರದವರ ಬೇಕರಿ ಯೀಸ್ಟ್ ತಾನಾಗಿಯೇ ಸೋಲುತ್ತದೆ, ಇಲ್ಲಿ ಹೊಡೆದು ಮಲಗಿಸುತ್ತಾರೆ.

ಟಾನಿ ಎಂಬ ಹತ್ತು ವರ್ಷದ ಪೋರ್ಟ್ ಕೊಟ್ಟರು. ಮರದ ಪೀಪಾಯಿಯಲ್ಲಿ ಇಟ್ಟು ಇಟ್ಟು ಕೆಂಪು ಹೋಗಿ ಜೋನಿಬೆಲ್ಲದ ಬಣ್ಣ. ಹುರಿದ ಗೇರುಬೀಜ, ಉತ್ತುತ್ತೆ, ಕಿತ್ತಳೆ ಸಿಪ್ಪೆ ಒಣಗಿಸಿದ್ದು. ಗಂಟಲಿನಿಂದ ಇಳಿದ ಮೇಲೂ ಎರಡು ನಿಮಿಷ ಬಾಯಲ್ಲಿ ಉಂಟು. ಅದನ್ನು ಕುಡಿಯುವಾಗ ನನಗೆ ನೆನಪಾದದ್ದು, ನಗಬೇಡಿ, ಅಮ್ಮನ ಭರಣಿಯ ಕೊನೆಯ ಬಾಟ್ಲಿ. ಒಂದನ್ನು ಅಡಗಿಸಿಟ್ಟು ಮರೆತು ಮೂರು ವರ್ಷದ ಮೇಲೆ ಸಿಕ್ಕಿತ್ತು.

ನಮ್ಮ ಅಂಗಡಿ ಪೋರ್ಟನ್ನು ಹೀಯಾಳಿಸಲಿಕ್ಕೆ ಇದನ್ನು ಹೇಳಿದ್ದಲ್ಲ. ಗೋವಾದಲ್ಲಿ ಮಾಡುವ ಪೋರ್ಟಿಗೂ ನಮ್ಮ ಘಟ್ಟದ ಮೇಲಿನ ಬೆಂಗಳೂರು ಬ್ಲೂ ದ್ರಾಕ್ಷಿ ಹೋಗುತ್ತದೆ. ಆ ದ್ರಾಕ್ಷಿಗೆ ಒಂದು ಪರಿಮಳ ಉಂಟು, ಶಾಲೆಯ ಹತ್ತಿರ ಸಿಗುತ್ತಿದ್ದ ದ್ರಾಕ್ಷಿ ಪೆಪ್ಪರ್‌ಮಿಂಟಿನದ್ದು. ವೈನ್ ಪಂಡಿತರು ಅದಕ್ಕೆ ಮೂಗು ಮುರಿಯುತ್ತಾರೆ. ನನಗೆ ಕ್ರಿಸ್ಮಸ್ ಅಂದರೆ ಅದೇ ಪರಿಮಳ.

ಕುಲಶೇಖರದ ಭರಣಿ · ಭಾನುವಾರ ರಾತ್ರಿ 10.20

ನಮ್ಮ ಭರಣಿಗೂ ಹಾಕುವುದು ಬೆಂಗಳೂರು ಬ್ಲೂ. ಬೀಜ ಇಲ್ಲದ ಹಸಿರು ದ್ರಾಕ್ಷಿಯಲ್ಲಿ ಒಮ್ಮೆ ಮಾಡಿ ನೋಡಿದೆವು, ಕಷಾಯದ ಹಾಗೆ ಆಯಿತು. ಅಮ್ಮ ಅದನ್ನು ಹಂದಿ ಬಫಾತಿಗೆ ಸುರಿದು ಲೆಕ್ಕ ಮುಗಿಸಿದರು.

ಪುತ್ತೂರು ಚಾಲಿ · ಸೋಮವಾರ ಬೆಳಿಗ್ಗೆ 6.50

ಮಲ್ಲಿಗೆಯವರೇ, "ಗಂಧಕಸಾಲೆ ನಿಂಬೆ" ಅಂತ ಬರೆದಿದ್ದೀರಿ. ಗಂಧಸಾಲೆ ಭತ್ತದ ಹೆಸರು. ನೀವು ಹೇಳಿದ್ದು ಗಜಲಿಂಬೆಯಾ?

ಶಂಕರಪುರ ಮಲ್ಲಿಗೆ · ಸೋಮವಾರ ಬೆಳಿಗ್ಗೆ 8.05

ಹೌದು, ಗಜಲಿಂಬೆ. ಬರೆಯುವಾಗ ಪಕ್ಕದಲ್ಲಿ ಎರಡನೇ ಬಾಟ್ಲಿ ಇತ್ತು.

ಹೆಮ್ಮಾಡಿ ಸೇವಂತಿಗೆ · ಮುಂದಿನ ಭಾನುವಾರ ರಾತ್ರಿ 11.02

ಶೆನಿನ್ ಬ್ಲಾಂ ತಂದೆ. ಐಸ್, ನೀರ್, ಕಲ್ಲುಪ್ಪು ಎಲ್ಲ ಮಾಡ್ದೆ. ಘೀ ರೋಸ್ಟಿಗೆ ಲಾಯ್ಕಿತ್ತ್. ನನ್ನ ಟಿಪ್ಪಣಿ ಬರುಕಿಲ್ಲೆ, ನಂಗೆ ಸಿಕ್ಕಿದ್ದ್ ಅರ್ಧ ಗ್ಲಾಸ್. "ಇದ್ ಜ್ಯೂಸೇ ಅಲ್ದಾ" ಅಂದೇಳಿ ಉಳ್ದದ್ದ್ ಪೂರಾ ಅತ್ತೆ ಕುಡ್ದ್ರ್. ಈಗ ಜಗುಲಿಯಂಗೆ ಕೂಕಂಡ್ ಯಕ್ಷಗಾನದ್ ಪದ ಹೇಳ್ತಿದ್ರ್.